ರಾತ್ರಿ ಬರುವ ಚೇಚಿ

ಹೊಸ ಮಗು ಆಗಾಗ ಬೆಚ್ಚಿಬೀಳುವುದು ಸಹಜ, ಹೆದರಬೇಡಿ ಅಂತ ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ಬೆಚ್ಚಿಬೀಳದೆ ಉಳಿದದ್ದು ಮಗು ಒಂದೇ. ಉಳಿದವರಿಗೆಲ್ಲ ಎರಡು ದಿನಕ್ಕೊಮ್ಮೆಯಾದರೂ ಎದೆ ಧಸಕ್ ಅನ್ನುವಂಥದ್ದು ಏನಾದರೊಂದು ಆಗುತ್ತಲೇ ಇತ್ತು.

ಒಂದು ಮಗುವಿಗೆ ಮಾತ್ರ

ನನ್ನ ಹೆರಿಗೆ ಹತ್ತಿರ ಬಂದಾಗ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಕೈ ಮುರಿದುಕೊಂಡರು. ಹಾಗಾಗಿ ಬಾಣಂತನಕ್ಕೆ ತವರಿಗೆ ಹೋಗದೆ ಗಡಿನಾಡಿನ ವರ್ಕಾಡಿಯ ಗಂಡನ ಮನೆಯಲ್ಲೇ ಉಳಿದೆ. ಮಗನೋ, ಹಗಲಿಡೀ ನಿದ್ದೆ, ರಾತ್ರಿಯಿಡೀ ಅಳು. ಕೊನೆಕೊನೆಗೆ ಅವನು ಅತ್ತರೆ ನಾನೂ ಜೊತೆಗೆ ಅಳಲಿಕ್ಕೆ ಶುರುಮಾಡಿದೆ. ನನ್ನ ಗಂಡ ಹೆದರಿಹೋಗಿ, ರಾತ್ರಿ ಮಾತ್ರ ಬಂದು ಬಾಣಂತಿಯನ್ನೂ ಮಗುವನ್ನೂ ನೋಡಿಕೊಳ್ಳುವ ಒಬ್ಬ ಹೆಂಗಸನ್ನು ಹುಡುಕಿದರು.

ಸುದ್ದಿ ಕೇಳಿ ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ನಿದ್ದೆಗೆಡಲಿಕ್ಕೂ ಸಂಬಳದ ಜನವಾ! ಹಾಗಾದರೆ ಅಳಲಿಕ್ಕೂ ಒಬ್ಬಳನ್ನು ಇಡಿ, ಮಗುವಿಗೂ ಆರಾಮ."

ಬರುವವಳು ಕೋಟ್ಟಯಂ ಕಡೆಯವಳು. ಮಗಳನ್ನು ಉಪ್ಪಳಕ್ಕೆ ಕೊಟ್ಟ ಮೇಲೆ ಅವಳ ಜೊತೆ ಇದ್ದವಳು. ನನಗೆ ಮಲಯಾಳ ಒಂದು ಮಟ್ಟಿಗೆ ಬರುತ್ತದೆ, ಹಾಗಾಗಿ ಫೋನಿನಲ್ಲಿ ನಾನೇ ಚೇಚಿ, ಅಂದರೆ ಅಕ್ಕ, ಅಂತ ಕರೆದು ಮಾತಾಡಿದೆ. ನಾಲ್ಕು ಪ್ರಶ್ನೆ ಕೇಳಬೇಕು ಅಂತ ಕೂತರೆ ಪ್ರಶ್ನೆ ಕೇಳಿದ್ದೆಲ್ಲ ಅವಳೇ, ಅದೂ ಮೋಳೇ, ಅಂದರೆ ಮಗಳೇ, ಅಂತ ಕರೆದು.

"ಮೋಳೇ, ನಿನ್ನ ಗಂಡ ಗೊರಕೆ ಹೊಡೆಯುತ್ತಾನಾ?"

ನಾನು ತಬ್ಬಿಬ್ಬಾದೆ. "ಅದು… ಸ್ವಲ್ಪ ಉಂಟು ಚೇಚಿ. ಯಾಕೆ?"

"ಹಾಗಾದರೆ ಅವನು ಬೇರೆ ಕೋಣೆಯಲ್ಲಿ ಮಲಗಲಿ. ನಾನು ಬರುವುದು ಒಂದು ಮಗುವಿಗೆ ಮಾತ್ರ."

ಮಗನನ್ನೇ ಕೇಳಿ

ಚೇಚಿ ದಿನಾ ಸಂಜೆ ಬಸ್ಸಿನಲ್ಲಿ ಬಂದು ಇಳಿಯುವುದು, ನನ್ನ ಗಂಡ ಬೈಕಿನಲ್ಲಿ ಹೋಗಿ ಕರೆದುಕೊಂಡು ಬರುವುದು, ಬೆಳಿಗ್ಗೆ ಮತ್ತೆ ಬಸ್ಸಿಗೆ ಬಿಟ್ಟು ಬರುವುದು. ಆಚೆಮನೆಯ ಅಕ್ಕ ಇದನ್ನು ನೋಡಿ ನೋಡಿ, ಒಂದು ದಿನ ಬೇಲಿಯ ಹತ್ತಿರ ಅತ್ತೆಯನ್ನು ಹಿಡಿದು ನಿಲ್ಲಿಸಿದರು.

"ರಾತ್ರಿ ಬಂದು ಬೆಳಿಗ್ಗೆ ಹೋಗುವ ಆ ಹೆಂಗಸು ಯಾರು ಮಾರಾಯ್ರೆ?"

ಸೊಸೆಯ ಬಾಣಂತನಕ್ಕೆ ಜನ ಇಟ್ಟಿದ್ದೇವೆ ಅನ್ನಲು ಅತ್ತೆಗೆ ನಾಚಿಕೆ. "ನನಗೆಂತ ಗೊತ್ತು? ಕರೆದುಕೊಂಡು ಬಂದದ್ದು ಮಗ. ಅವನನ್ನೇ ಕೇಳಿ" ಅಂದುಬಿಟ್ಟರು.

ಆ ಮಾತು ಬಾಯಿಂದ ಬಾಯಿಗೆ ಹರಡಿ, ಮಧ್ಯಾಹ್ನಕ್ಕೆ ನನ್ನ ತವರು ಮೀಂಜದಿಂದ ಅಮ್ಮನ ಫೋನು. ಮೊದಲು ಬರೀ ಅಳು. ಕೊನೆಗೆ ಹೇಳಿದರು: "ನೀನು ಧೈರ್ಯ ಬಿಡಬೇಡ ಮಗಾ. ನನ್ನ ಒಂದು ಕೈ ಸರಿ ಉಂಟು, ಅಳಿಯನಿಗೆ ಬಡಿಯಲಿಕ್ಕೆ ಅದು ಸಾಕು."

ಪಟ್ಟಿ

ಅತ್ತೆಯ ತವರು ಸುಳ್ಯ. ಮಲಯಾಳ ಅವರ ತಲೆಗೆ ಹತ್ತಲೇ ಇಲ್ಲ. ಚೇಚಿಯ ಹತ್ತಿರ ಮಾತಾಡುವುದಿಲ್ಲ ಅಂತ ಹಟ ಹಿಡಿದಿದ್ದವರು ಒಂದು ಸಂಜೆ ತಡೆಯಲಾರದೆ ಅಡಿಗೆಮನೆಯಿಂದಲೇ ಕೂಗಿದರು: "ಬಾಣಂತಿಗೆ ಪಟ್ಟಿ ಕಟ್ಟು! ಬಿಗಿಯಾಗಿ ಕಟ್ಟಬೇಕು, ಬೆಳಿಗ್ಗೆವರೆಗೆ ಬಿಚ್ಚಬಾರದು." ಹೊಟ್ಟೆ ಇಳಿಯಲು ಬಾಣಂತಿಯ ಸೊಂಟಕ್ಕೆ ಸುತ್ತುವ ಬಟ್ಟೆಯ ಪಟ್ಟಿ ಅದು.

ನಾನು ಬಚ್ಚಲಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಚೇಚಿಯ ಧ್ವನಿ ಕೇಳಿತು. "ಅಮ್ಮಾ, ಪಟ್ಟಿ ಕೆಟ್ಟಿ!"

"ಕೆಟ್ಟಿತಾ?" ಅತ್ತೆ ಓಡಿ ಬಂದರು. "ಹೊಸ ಬಟ್ಟೆ ಅದು! ಕೆಡಲಿಕ್ಕೆ ಎಂತ ಮಾಡಿದೆ?"

ನಾನೂ ಓಡಿದೆ. ನೋಡಿದರೆ ನನ್ನ ಮಂಚದ ಕಾಲಿಗೆ ನಮ್ಮ ಅಂಗಳದ ನಾಯಿ! ಎರಡು ಗಂಟು ಹಾಕಿ ಬಿಗಿದಿತ್ತು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ, ಕೆಟ್ಟಿ ಅಂದರೆ ಕಟ್ಟಿದೆ ಅಂತ ಅತ್ತೆಗೆ ವಿವರಿಸುವಷ್ಟರಲ್ಲಿ ಅವರು ಗೋಡೆ ಹಿಡಿದು ಕೂತಿದ್ದರು.

ನನ್ನ ಹೊಟ್ಟೆ ಇಳಿಯಲಿಲ್ಲ. ನಾಯಿ ಮಾತ್ರ ಆಮೇಲೆ ದಿನಾ ಸಂಜೆ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಕಟ್ಟಿ ಅಂತ.

ಖಾಲಿ ತೊಟ್ಟಿಲು

ಒಂದು ದಿನ ಕಣ್ಣು ಬಿಟ್ಟರೆ ಬೆಳಕು ಹರಿದಿದೆ. ಇಡೀ ರಾತ್ರಿ ನಿದ್ದೆ ಮಾಡಿದ್ದೆ! ಖುಷಿ ಬರುವ ಮೊದಲೇ ಹೆದರಿಕೆ ಬಂತು. ಮಗು ಒಮ್ಮೆಯೂ ಅಳಲಿಲ್ಲವಾ? ತೊಟ್ಟಿಲು ನೋಡಿದೆ, ಖಾಲಿ. ಚೇಚಿಯ ಚಾಪೆಯೂ ಖಾಲಿ. ಎದ್ದು ಚಾವಡಿಗೆ ಓಡಿದೆ.

ಅಲ್ಲಿ ಅತ್ತೆಯ ಮಂಚದಲ್ಲಿ, ಅತ್ತೆಯ ಹೊದಿಕೆ ಹೊದ್ದು, ಚೇಚಿ ಗಾಢ ನಿದ್ದೆಯಲ್ಲಿದ್ದಳು. ಕೆಳಗೆ ಕಾಲು ಚಾಚಿ ಕೂತ ಅತ್ತೆಯ ಮಡಿಲಲ್ಲಿ ನನ್ನ ಮಗ ಕಣ್ಣರಳಿಸಿಕೊಂಡು ಇದ್ದ. ನನಗೆ ಅಳು ಬಂತು, ಅಲ್ಲೇ ಕೂತುಬಿಟ್ಟೆ.

"ಶ್!" ಅತ್ತೆ ನನ್ನನ್ನೇ ಗದರಿಸಿದರು. "ಮೆಲ್ಲಗೆ. ಪಾಪ, ದಿನಾ ನಿದ್ದೆಗೆಟ್ಟು ಅವಳ ಕಣ್ಣೆಲ್ಲ ಒಳಗೆ ಹೋಗಿದೆ. ನಾಳೆಯಿಂದ ಅವಳು ಬಂದು ಮಲಗಲಿ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ."

ಅಪ್ಪಿ

ಮಲಯಾಳಿಗಳು ಪುಟ್ಟ ಮಕ್ಕಳ ಕಕ್ಕಕ್ಕೆ ಅಪ್ಪಿ ಅನ್ನುತ್ತಾರೆ. ಬೆಳಿಗ್ಗೆ ಹೊರಡುವ ಮೊದಲು ಚೇಚಿ ನನಗೆ ಕೊಡುವ ವರದಿಯೇ ಅದು: ಅಪ್ಪಿ ಹಾಕಿದ, ಅಪ್ಪಿ ಹಾಕಲಿಲ್ಲ, ಇವತ್ತಿನ ಅಪ್ಪಿ ಒಳ್ಳೆಯದುಂಟು.

ಗಂಡನ ಚಿಕ್ಕಮ್ಮನನ್ನು ಶಿರಸಿಗೆ ಕೊಟ್ಟದ್ದು. ಅಲ್ಲಿ ಗಂಡುಮಗುವನ್ನು ಮುದ್ದಿನಿಂದ ಅಪ್ಪಿ ಅಂತ ಕರೆಯುತ್ತಾರೆ. ಅವರು ಮಗುವನ್ನು ನೋಡಲು ಬಂದ ಸಂಜೆ, ಚೇಚಿ ಆಗಷ್ಟೇ ಮಗನನ್ನು ತೊಳೆದು ನನ್ನ ಪಕ್ಕ ಮಲಗಿಸಿ, ಕೊಳೆಯಾದ ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಡಿದು ಹೊರಗೆ ಹೊರಟಿದ್ದಳು. ಬಾಗಿಲಲ್ಲೇ ಚಿಕ್ಕಮ್ಮ ಎದುರಾದರು.

"ನಮ್ಮ ಅಪ್ಪಿ ಎಲ್ಲಿ? ಅಪ್ಪಿಯನ್ನು ನೋಡಲಿಕ್ಕೆ ಅಂತಲೇ ಅಷ್ಟು ದೂರದಿಂದ ಬಂದೆ!"

ಇಷ್ಟು ದಿನದಲ್ಲಿ ಚೇಚಿಗೆ ಕನ್ನಡ ಅರ್ಥವಾಗುತ್ತಿತ್ತು. ನಿಂತಲ್ಲೇ ನಿಂತಳು.

"ಅಪ್ಪಿ ಥೇಟ್ ಅಜ್ಜನ ಹಾಗೇ ಉಂಟಂತೆ, ಹೌದಾ?"

ಚೇಚಿ ಕೈಯಲ್ಲಿದ್ದ ಬಟ್ಟೆಯನ್ನೊಮ್ಮೆ ನೋಡಿದಳು, ಗೋಡೆಯಲ್ಲಿದ್ದ ಮಾವನ ಫೋಟೋವನ್ನೊಮ್ಮೆ ನೋಡಿದಳು. ನಾನು ನಗು ತಡೆಯಲಾಗದೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡೆ.

ಚಿಕ್ಕಮ್ಮ ಎರಡೂ ಕೈ ಚಾಚಿದರು. "ತಾ ಇಲ್ಲಿ. ಅಪ್ಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಮುತ್ತು ಕೊಡದೆ ನಾನು ಕಾಫಿ ಕುಡಿಯುವವಳಲ್ಲ!"

ಚೇಚಿ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಿಳಿಚಿದ ಮುಖದಲ್ಲಿ ಮಂಚದ ಹತ್ತಿರ ವಾಪಸು ಬಂದು ನನ್ನ ಕಿವಿಗೆ ಬಗ್ಗಿದಳು.

"ಮೋಳೇ, ಇದು ನಿಮ್ಮಲ್ಲಿ ಶಾಸ್ತ್ರವಾ? ಮೊದಲೇ ಹೇಳಿದ್ದರೆ ಬೆಳಿಗ್ಗೆಯದ್ದನ್ನೂ ಎತ್ತಿಡುತ್ತಿದ್ದೆನಲ್ಲ!"