ಅತ್ತೆ ಬರುವ ತನಕ ಮಾಯಬಾರದ ಗಾಯ

ಒಂದೇ ಎಮ್ಮೆಯನ್ನು ತಪ್ಪಿಸಲು ಹೋಗಿ ಇಬ್ಬರೂ ಒಂದೇ ಬೈಕಿನಿಂದ ಬಿದ್ದಿದ್ದರು. ಆದರೆ ಹಿಂದೆ ಕೂತಿದ್ದ ಸೋಮನಿಂಗನ ಕಾಲು ಮುರಿಯಿತು, ಬೈಕು ಓಡಿಸುತ್ತಿದ್ದ ಕಾಳಪ್ಪನಿಗೆ ಮೊಣಕಾಲು ತರಚಿತು, ಅಷ್ಟೆ. ಈ ಅನ್ಯಾಯ ಕಾಳಪ್ಪನಿಂದ ಸಹಿಸಲಾಗಲಿಲ್ಲ.

ಸೋಮನಿಂಗ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಇಂಡಿ ಪಟ್ಟಣದಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಸಣ್ಣ ಅಳಿಯನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆಂದು ಕೇಳಿದ್ದೇ ತಡ, ಅತ್ತೆ ಶೆಟ್ಟೆವ್ವ ಹಲಸಂಗಿಯಿಂದ ತುಪ್ಪದ ಡಬ್ಬಿ ಹಿಡಿದು ಬಂದು ಆ ಮನೆಯಲ್ಲೇ ಠಿಕಾಣಿ ಹೂಡಿದಳು. ಗೋಡೆಯಾಚೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಈಚೆಗೆ ಹೋಳಿಗೆ ಬಂದದ್ದು ಒಂದೇ ಸಲ, ಅದೂ ಹಿಂದಿನ ದಿನದ್ದು. ಹಿರಿಯ ಅಳಿಯನಿಗೆ ಹೊಟ್ಟೆಗಿಂತ ಮೊದಲು ಹೊಟ್ಟೆಕಿಚ್ಚು ತುಂಬಿತು.

ಗಾಯ ಮಾಯದಿದ್ದರೆ ಅತ್ತೆ ಇಲ್ಲಿಗೂ ಬರಲೇಬೇಕಲ್ಲ! ಹಕ್ಕಳೆ ಕಟ್ಟಿದಂತೆಲ್ಲ ಅವನು ಗುಟ್ಟಾಗಿ ಕೆರೆದು ತೆಗೆದ. ಕೊನೆಗೆ ಉರಿ ತಾಳದೆ ಕೆರೆಯುವುದನ್ನು ಬಿಟ್ಟ. ವಾರಗಳು ಕಳೆದರೂ ಗಾಯ ಮಾಯಲಿಲ್ಲ. ಮೈಯೂ ತನ್ನ ಪಕ್ಷ ಸೇರಿತೆಂದು ಕಾಳಪ್ಪ ಖುಷಿಪಟ್ಟ.

ಒಂದು ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಸೋಮನಿಂಗ ಕೂಗಿದ. "ಅಣ್ಣಾರ, ನಾ ಬ್ಯಾಡ ಬ್ಯಾಡ ಅಂದ್ರೂ ಅತ್ತಿ ಹೋಳಿಗಿ ಮ್ಯಾಲ ಹೋಳಿಗಿ ಹಾಕಾಕತ್ಯಾಳ್ರಿ."

ಕಾಳಪ್ಪ "ಅಯ್ಯೋ, ಕಾಲು" ಎಂದು ಮಂಚದ ಮೇಲೆ ಉರುಳಿದ. ಹೆಂಡತಿ ರೇವವ್ವ ಗಾಬರಿಯಾದಳು. ನೆರೆಮನೆಯ ಹುಲಿಗೆವ್ವ ಓಡಿ ಬಂದು ಗಾಯದ ತುಂಬ ಅರಿಶಿನ ಮೆತ್ತಿದಳು. ಎದುರಿನ ಪಂಕ್ಚರ್ ಅಂಗಡಿಯ ಅಬ್ದುಲರಜಾಕ ಅದರ ಮೇಲೆ ತನ್ನ ಮುಲಾಮು ಬಳಿದ. ಮೊಣಕಾಲು ಈಗ ತಾನೇ ಕರಿದ ಭಜಿಯಂತೆ ಕಂಡಿತು.

ಗದ್ದಲ ಕೇಳಿ ಶೆಟ್ಟೆವ್ವ ಬಂದೇಬಿಟ್ಟಳು. "ಅಳಿಯಾರ, ಇಷ್ಟ ತ್ರಾಸ ಐತಿ ಅಂತ ನನಗ ಗೊತ್ತs ಇರಲಿಲ್ರಿ. ನಿಮಗ ಪೂರಾ ಆರಾಮ ಆಗೂತನಕ ನಾ ಇನ್ನ ಇಲ್ಲೇ ಇರ್ತೇನಿ."

ಕಾಳಪ್ಪನ ಕಣ್ಣಲ್ಲಿ ನೀರು ಬಂತು. ಆದರೆ ಶೆಟ್ಟೆವ್ವ ಅಷ್ಟಕ್ಕೇ ಬಿಡದೆ ಅವನನ್ನು ಆಟೋದಲ್ಲಿ ಕೂರಿಸಿ ದವಾಖಾನೆಗೆ ಕರೆದೊಯ್ದಳು.

ಡಾಕ್ಟರ್ ಭುವನೇಶ್ವರಿ ಅರಿಶಿನ, ಮುಲಾಮು ಎಲ್ಲ ತೊಳೆದು ಗಾಯ ನೋಡಿದರು.

"ಬಾಳ ಜೋರಿನ ಔಷಧ ಬ್ಯಾಡ್ರಿ ಮೇಡಂ," ಎಂದ ಕಾಳಪ್ಪ. "ನಿಧಾನಕ್ಕ ಮಾಯ್ಲಿ."

"ಔಷಧ ಹೊಲದ ಬೇಲಿ ಇದ್ದಂಗ್ರಿ. ಬೆಳಿ ತೆಗಿಯೂದು ನಿಮ್ಮ ಮೈ. ಅದ್ಯಾಕ ಸುಮ್ನ ಕುಂತೈತಿ ನೋಡೂಣು," ಎಂದು ಅವರು ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಆಮೇಲೆ ಶೆಟ್ಟೆವ್ವನ ಕಡೆ ತಿರುಗಿ, "ರಕ್ತದಾಗ ಸಕ್ಕರಿ ಬಾಳ ಏರೈತ್ರಿ. ಅದಕ್ಕs ಗಾಯ ಮಾಯವಲ್ದು. ಇನ್ನ ಹೋಳಿಗಿ, ಬೆಲ್ಲ ಎಲ್ಲಾ ಬಂದ್," ಎಂದರು.

ಕಾಳಪ್ಪನ ಜೀವ ಬಾಯಿಗೆ ಬಂತು. ಮಾನಕ್ಕಿಂತ ಹೋಳಿಗೆ ದೊಡ್ಡದೆನಿಸಿ ಇದ್ದದ್ದನ್ನು ಹೇಳಿಬಿಟ್ಟ. "ಸಕ್ಕರಿ ಅಲ್ರಿ ಮೇಡಂ, ನಾನs ಕೆರದೇನ್ರಿ."

"ಕೆರಿಯೂದು ಯಾವಾಗ ಬಿಟ್ರಿ?"

"ವಾರಗಟ್ಟಲೆ ಆತ್ರಿ."

"ಮತ್ತ ಯಾಕ ಮಾಯ್ಲಿಲ್ಲ?"

ಕಾಳಪ್ಪ ಬಗ್ಗಿ ತನ್ನ ಗಾಯವನ್ನೇ ನೋಡಿದ. "ಇವತ್ತ ಬಂದಿದ್ದs ಚಲೋ ಆತು. ಇನ್ನೊಂದೀಟ ತಡಾ ಆಗಿದ್ರ ಕಾಲಿಗೇ ಕುತ್ತ ಬರ್ತಿತ್ತು," ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು.

ಸಂಜೆ ಶೆಟ್ಟೆವ್ವ ಮಾತಿಗೆ ತಪ್ಪದೆ ತುಪ್ಪದ ಡಬ್ಬಿ ಸಮೇತ ಈ ಮನೆಗೆ ಬಂದಳು. ಕಾಳಪ್ಪನ ತಾಟಿಗೆ ಬಿದ್ದದ್ದು ಒಂದು ರೊಟ್ಟಿ, ಹಾಗಲಕಾಯಿ ಪಲ್ಯ. ಅಷ್ಟರಲ್ಲಿ ಸೋಮನಿಂಗ ಕಂಕುಳಿಗೆ ಕೋಲು ಕೊಟ್ಟುಕೊಂಡು ಅಣ್ಣನನ್ನು ಮಾತಾಡಿಸಲು ಬಂದ. ಮಾತಾಡಿಸಲು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ? ಶೆಟ್ಟೆವ್ವ ಉಳಿದ ಹೋಳಿಗೆಯನ್ನೆಲ್ಲ ಅವನಿಗೆ ಬಡಿಸಿ, ಮೇಲೆ ತುಪ್ಪ ಸುರಿದಳು.

"ತಿನ್ರಿ ಅಳಿಯಾರ, ಎಲಬು ಕೂಡಬೇಕು."

ಕಾಳಪ್ಪ ಹಾಗಲಕಾಯಿ ನುಂಗಿದ. "ಅತ್ತಿ, ನೀವು ಆ ಮನಿಗೇ ಹೋಗ್ರಿ. ನನಗ ಪೂರಾ ಆರಾಮ ಆಗೇತಿ."

"ಹ್ಯಾಂಗ ಹೋಗ್ಲಿರಿ?" ಶೆಟ್ಟೆವ್ವ ಅವನ ತಾಟಿಗೆ ಇನ್ನಷ್ಟು ಪಲ್ಯ ಹಾಕಿದಳು. "ಗಾಯ ಮಾಯ್ತೈತಿ, ಸಕ್ಕರಿ ಬ್ಯಾನಿ ಮಾತ್ರ ಜೀವ ಇರೂತನಕ ಹೋಗೂದಿಲ್ಲಂತ ಡಾಕ್ಟರು ಹೇಳ್ಯಾರ. ಪೂರಾ ಆರಾಮ ಆಗೂತನಕ ಇರ್ತೇನಿ ಅಂತ ನಾ ಮಾತ ಕೊಟ್ಟೇನ್ರಿ."