ಕಡಲ ದಡದ ಓಟಕ್ಕೆ ಹೊರಟು ಮಾವನವರನ್ನು ಸಾಯಿಸಿದ್ದು

ನಲವತ್ತು ದಾಟಿದರೂ ನಾನು ಸಮುದ್ರ ನೋಡಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ ಬೆಳೆದವನಿಗೆ ನೀರು ಎಂದರೆ ಒಂದೋ ಟ್ಯಾಂಕರಿನಲ್ಲಿ ಬರುವುದು, ಇಲ್ಲವೇ ಕೆರೆಗೆ ಬರಬೇಕಾಗಿದ್ದು. ಹೀಗಿರುವಾಗ ಪಿಲ್ಲಗುಂಪೆಯ ನಮ್ಮ ಕಾರ್ಖಾನೆಯ ಕಿರಣ ಎಂಬ ಇಂಜಿನಿಯರು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತನ್ನ ಫೋನು ನನ್ನ ಮುಖದ ಮುಂದೆ ಹಿಡಿದ. ಕಡಲ ದಡದಲ್ಲಿರುವ ಯಾವುದೋ ರಾಷ್ಟ್ರೀಯ ಉದ್ಯಾನವಂತೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ, ನಡುವೆ ಕೆಂಪು ಮಣ್ಣಿನ ಕಾಲುದಾರಿ. ಆ ದಾರಿಯಲ್ಲಿ ಜನ ಓಡುತ್ತಿದ್ದರು. ಹಿಂದೆ ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುತ್ತಿದ್ದರು, ಅದೂ ನಗುನಗುತ್ತಾ!

ಕಾರ್ಖಾನೆಯಿಂದ ನಾಲ್ವರ ತಂಡ ಅಲ್ಲಿಗೆ ಓಡಲು ಹೋಗುತ್ತಿದೆ, ಒಂದು ಜಾಗ ಖಾಲಿ ಇದೆ ಎಂದ. ನಾನು ಬರುತ್ತೇನೆ ಎಂದುಬಿಟ್ಟೆ. ಮೇಜಿನ ಸುತ್ತ ಕೂತವರೆಲ್ಲ ಊಟ ನಿಲ್ಲಿಸಿ ನನ್ನ ಹೊಟ್ಟೆಯ ಕಡೆ ನೋಡಿದರು. ಕಿರಣ ಮಾತ್ರ ಮರ್ಯಾದಸ್ಥ, ಮುಖ ನೋಡಿದ. ಆದರೆ ಒಂದು ಷರತ್ತು ಹಾಕಿದ. ಭಾನುವಾರ ಸಂಜೆಯೊಳಗೆ ಮಣ್ಣಿನ ದಾರಿಯಲ್ಲಿ ಎಲ್ಲೂ ನಿಲ್ಲದೆ ಒಂದು ಉದ್ದನೆಯ ಓಟ ಓಡಬೇಕು, ಅದು ಫೋನಿನಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಜಾಗ ಸ್ಟೋರ್ಸಿನ ಮಂಜುನಾಥನಿಗೆ.

ಅಂದಿನಿಂದ ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಮಂಡಿ ಕುಣಿಯುತ್ತಿತ್ತು, ಮಲಗಿದರೆ ಹಿಮ್ಮಡಿ ಹಾಸಿಗೆ ಒದೆಯುತ್ತಿತ್ತು. ಕಡಲ ದಡವೆಂದರೆ ಮರಳಿರುತ್ತದಲ್ಲ ಎಂದು ಪಕ್ಕದವರು ಮನೆ ಕಟ್ಟಲು ಸುರಿಸಿದ್ದ ಎಂ-ಸ್ಯಾಂಡ್ ರಾಶಿಯ ಮೇಲೆ ಬೆಳಗಾಗುತ್ತಲೇ ಹತ್ತಿ ಇಳಿದು ಅಭ್ಯಾಸ ಮಾಡಿದೆ. ರಾಶಿ ಅರ್ಧ ಮೋರಿಗೆ ಹೋಯಿತು, ಅವರೊಂದಿಗಿನ ಮಾತುಕತೆ ಪೂರ್ತಿ ನಿಂತುಹೋಯಿತು. ಕರಾವಳಿಯಲ್ಲಿ ಸೆಕೆ ಜಾಸ್ತಿ ಎಂದು ಕೇಳಿ ಬಿಸಿಲಿನಲ್ಲಿ ರೇನ್‌ಕೋಟು ಹಾಕಿಕೊಂಡು ಕೆರೆ ಏರಿಯ ಮೇಲೆ ಓಡಿದೆ. ಅದನ್ನು ಕಂಡವರು ನನ್ನ ಹೆಂಡತಿ ಜಯಳನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೆಲ್ಲಗೆ ವಿಚಾರಿಸಿದರಂತೆ. ಇದೆ ಎಂದಳಂತೆ ಜಯ.

ಆ ಭಾನುವಾರವೇ ನಾವು ಅವಳ ತವರಿಗೆ ಹೋಗಬೇಕಾಗಿ ಬಂತು. ದೊಡ್ಡಬೆಳವಂಗಲದ ಆಚೆಗಿನ ಹಳ್ಳಿ. ಮಾವನವರಿಗೆ ಜ್ವರ ಬಂದು, ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದು ಮಲಗಿದ್ದರು. ಈಗ ಸುಧಾರಿಸಿದ್ದರು, ಆದರೆ ಆ ಸುದ್ದಿ ಇನ್ನೂ ನೆಂಟರನ್ನು ಮುಟ್ಟಿರಲಿಲ್ಲ. ಕಾಯಿಲೆಯ ಸುದ್ದಿ ಓಡುವ ಹಾಗೆ ವಾಸಿಯಾದ ಸುದ್ದಿ ಓಡುವುದಿಲ್ಲ ನೋಡಿ. ನನಗೆ ಮಾತ್ರ ಮಾವನವರಿಗಿಂತ ಅವರ ಊರಿನ ಮಣ್ಣಿನ ದಾರಿ ಹೆಚ್ಚು ಹಿಡಿಸಿತು. ಅಲ್ಲಿಂದ ದೊಡ್ಡಬೆಳವಂಗಲದವರೆಗೆ ಹೊಲಗಳ ನಡುವೆ ಓಡಿ ವಾಪಸು ಬರುವುದು ಎಂದು ನಿಶ್ಚಯಿಸಿದೆ. ನನ್ನ ಫೋನು ಚಾರ್ಜಿಲ್ಲದೆ ಸತ್ತಿತ್ತು. ಜಯಳ ಫೋನು ಎತ್ತಿಕೊಂಡು, ಶಬ್ದ ಬರದ ಹಾಗೆ ಮಾಡಿ, ಸೊಂಟದ ಚೀಲಕ್ಕೆ ಸೇರಿಸಿದೆ. ಬಿಸಿಲಿಗಿರಲಿ ಎಂದು ತಲೆಯ ಮೇಲೆ ಟವೆಲ್ ಹಾಕಿಕೊಂಡು ಹೊರಟೆ.

ಹೋಗುವಾಗ ಸಾಕ್ಷಾತ್ ಜಿಂಕೆ. ಇದು ನನ್ನ ಅಭಿಪ್ರಾಯ. ದೊಡ್ಡಬೆಳವಂಗಲ ಮುಟ್ಟುವ ಹೊತ್ತಿಗೆ ಬೆವರು ಕಣ್ಣಿಗಿಳಿದು ಧಾರಾಕಾರ ನೀರು ಸುರಿಯುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಊರ ಅಂಚಿನ ಮೊದಲನೇ ಮನೆಯೇ ಗೌರತ್ತೆಯದು. ಗೌರತ್ತೆ ಎಂದರೆ ಜಯಳ ಸೋದರತ್ತೆ, ಮಾವನವರ ಒಬ್ಬಳೇ ತಂಗಿ. ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದವರು ನನ್ನನ್ನು ಕಂಡು ಎದ್ದರು.

"ಬನ್ನಿ ಅಳಿಯಂದ್ರೇ, ಕಾಪಿಗಿಟ್ಟಿದೀನಿ."

ನಿಂತರೆ ಓಟ ಕೆಡುತ್ತದೆ, ಒಳಗೆ ಹೋದರೆ ದೋಸೆ ತಿನ್ನಿಸದೆ ಬಿಡುವುದಿಲ್ಲ. ನಾನು ರಸ್ತೆಯಲ್ಲೇ ನಿಂತ ಜಾಗದಲ್ಲಿ ಕಾಲು ಎತ್ತಿ ಹಾಕುತ್ತಾ ಬೇಡವೆಂದು ಕೈಯಾಡಿಸಿದೆ. ಅವರು ಚೊಂಬಿನಲ್ಲಿ ನೀರು ತಂದರು. ಅದೂ ಬೇಡವೆಂದೆ. ಅವರ ಮುಖ ಸಣ್ಣಗಾಯಿತು.

"ಅಣ್ಣಯ್ಯ ಹೆಂಗವ್ನೆ?"

ದೇವರ ದಯೆಯಿಂದ ಆರಾಮಾಗಿದ್ದಾರೆ ಎನ್ನಬೇಕಿತ್ತು. ಅಷ್ಟು ಉದ್ದದ ವಾಕ್ಯಕ್ಕೆ ಉಸಿರೆಲ್ಲಿದೆ? ಸಂಕ್ಷಿಪ್ತವಾಗಿ ಆಕಾಶದ ಕಡೆ ಕೈ ತೋರಿಸಿದೆ. ಟವೆಲಿನಿಂದ ಕಣ್ಣು ಒರೆಸಿಕೊಂಡು ತಿರುಗಿ ಓಡಿದೆ. ಸ್ವಲ್ಪ ದೂರ ಹೋಗಿ ನೋಡಿದರೆ ಗೌರತ್ತೆ ಆ ಚೊಂಬಿನ ನೀರನ್ನೇ ಸುರಿದು ರಂಗೋಲಿ ಅಳಿಸುತ್ತಿದ್ದರು. ಎಲ್ಲೋ ಎಳೆ ತಪ್ಪಿರಬೇಕು ಅಂದುಕೊಂಡೆ.

ನಮ್ಮ ಕಡೆ ಸಾವಿನ ಸುದ್ದಿ ತಂದವನು ಆ ಮನೆಯ ಹೊಸಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ, ಹೇಳಿ ಹಾಗೆಯೇ ವಾಪಸು ಹೋಗುತ್ತಾನೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಾಲ್ಕಾರು ಸಾರಿ ನಾನೇ ಹಾಗೆ ಸುದ್ದಿ ಒಯ್ದಿದ್ದೇನೆ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಇದ್ದದ್ದು ಸಮುದ್ರ ಮಾತ್ರ.

ವಾಪಸು ಓಡುವಾಗ ಸೊಂಟದ ಫೋನು ಬಿಟ್ಟೂ ಬಿಡದೆ ಗುರ್ ಗುರ್ ಎನ್ನುತ್ತಿತ್ತು. ಚೆನ್ನಾಗಿ ಓಡಿದರೆ ಫೋನು ಅಭಿನಂದನೆ ಹೇಳುತ್ತದೆ ಎಂದು ಕಿರಣ ಹೇಳಿದ್ದ. ಇಷ್ಟೊಂದು ಅಭಿನಂದನೆಯೇ ಎಂದು ಉಬ್ಬಿ ಇನ್ನೂ ಜೋರಾಗಿ ಓಡಿದೆ. ವಿಚಾರಿಸೋಣವೆಂದು ನೆಂಟರೆಲ್ಲ ಜಯಳಿಗೆ ಮಾಡುತ್ತಿದ್ದ ಕರೆಗಳು ಅವು. ಮಗಳು ಫೋನು ಎತ್ತುವ ಸ್ಥಿತಿಯಲ್ಲಿಲ್ಲ ಎಂದು ಅವರು ತೀರ್ಮಾನಿಸಿದರು.

ಊರು ಇನ್ನೇನು ಕಣ್ಣಿಗೆ ಬೀಳಬೇಕು, ಅಷ್ಟರಲ್ಲಿ ಹಿಂದಿನಿಂದ ಟೆಂಪೋ ಬಂತು. ಗೌರತ್ತೆಯ ಮಗ ಸೋಮಣ್ಣನದು, ಸೇವಂತಿಗೆ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದದ್ದು. ಈಗ ಹೂವಿನ ಮೂಟೆಗಳ ಮೇಲೆ ಹೆಂಗಸರು ಕೂತಿದ್ದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಟೆಂಪೋ ಹೋಗಲಿಲ್ಲ. ಸೋಮಣ್ಣ ಇಳಿದು ನನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿದ.

"ದುಃಖ ಇರುತ್ತೆ ಅಣ್ಣ. ಅದಕ್ಕೇಂತ ಹಿಂಗೆ ಓಡ್ತಾರಾ?"

ಬಿಡಿಸಿಕೊಳ್ಳಲು ಒದ್ದಾಡಿದೆ. ಒದ್ದಾಡಿದಷ್ಟೂ ನನ್ನ ದುಃಖ ದೊಡ್ಡದು ಎಂದು ಅವರಿಗೆ ಖಾತ್ರಿಯಾಯಿತು. ಇನ್ನಿಬ್ಬರು ಕೈ ಹಾಕಿ ನನ್ನನ್ನು ಮೂಟೆಗಳ ಮೇಲಕ್ಕೆ ಎತ್ತಿಹಾಕಿದರು. ಗೌರತ್ತೆ ನನ್ನ ತಲೆ ತಬ್ಬಿಕೊಂಡು ರಾಗ ತೆಗೆದರು. ಇಷ್ಟು ಒಳ್ಳೆಯ ಅಳಿಯ ಯಾರಿಗೂ ಸಿಗಲಾರ ಎಂಬುದು ಆ ಅಳುವಿನ ಸಾರಾಂಶ. ಮದುವೆಯಾದಾಗಿನಿಂದ ಆ ಮನೆತನದಲ್ಲಿ ನನ್ನ ಬಗ್ಗೆ ಬಂದ ಮೊದಲ ಮೆಚ್ಚುಗೆ ಅದು. ನಿಜ ಹೇಳಬೇಕೆಂದರೆ, ಒಂದು ಕ್ಷಣ ಸುಮ್ಮನಿದ್ದು ಕೇಳಿಸಿಕೊಂಡೆ.

ಆಮೇಲೆ ಹೇಗೋ ಉಸಿರು ಕೂಡಿಸಿಕೊಂಡು ಹೇಳಿದೆ. "ಏನೂ ಆಗಿಲ್ಲ ಸೋಮಣ್ಣ."

"ಮೊದಮೊದ್ಲು ಹಂಗೇ ಅನ್ಸೋದು ಅಣ್ಣ."

"ನಾನು ಓಡ್ತಿದ್ದದ್ದು ಸಮುದ್ರಕ್ಕೆ."

"ಅಸ್ಥಿ ಬಿಡೋ ವಿಚಾರ ಆಮೇಲೆ ನೋಡೋಣ. ನೀವು ಈಗ ಸುಮ್ನಿರಿ."

ಟೆಂಪೋ ಊರೊಳಗೆ ನುಗ್ಗಿತು. ಅಳು ಕೇಳಿ ಅಕ್ಕಪಕ್ಕದವರು ಹಿಂದೆಯೇ ಬಂದರು. ಅವರಿಗೆ ಯಾರು ಸತ್ತರೆಂದು ತಿಳಿಯದು, ಆದರೂ ಕೆಲವರು ಮುಂಗಡವಾಗಿಯೇ ಶುರು ಮಾಡಿದ್ದರು. ಮಾವನವರು ಜಗಲಿಯ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದರು. ಟೆಂಪೋ ನಿಂತಿತು. ಎದೆ ಬಡಿದುಕೊಳ್ಳುತ್ತಾ ಇಳಿದ ತಂಗಿಯನ್ನು ನೋಡಿ ಅವರು ಗಂಜಿಯ ಲೋಟ ಕೆಳಗಿಟ್ಟರು.

"ಯಾರು ಹೋದ್ರವ್ವಾ ಗೌರಾ?"

ಗೌರತ್ತೆಯ ರಾಗ ಮೇಲಿನ ಸ್ವರದಲ್ಲೇ ನಿಂತುಹೋಯಿತು. ಅವರು ಅಣ್ಣನನ್ನು ನೋಡಿದರು, ಗಂಜಿಯನ್ನು ನೋಡಿದರು, ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಎಲ್ಲರೂ ನನ್ನನ್ನು ನೋಡಿದರು. ಅಷ್ಟರಲ್ಲಿ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದ ಜಯ, ಟೆಂಪೋ, ಹೂವು, ಜನ ಇಷ್ಟನ್ನೂ ಒಮ್ಮೆ ನೋಡಿ, ಯಾರನ್ನೂ ಏನೂ ಕೇಳದೆ ನೇರವಾಗಿ ನನ್ನ ಬಳಿ ಬಂದಳು.

"ಏನ್ರೀ ಮಾಡಿದ್ರಿ?"

ಹೇಳಿದೆ. ಗೌರತ್ತೆ ನನ್ನ ಬೆನ್ನಿಗೆ ಬಲವಾಗಿ ಒಂದು ಗುದ್ದು ಕೊಟ್ಟರು. ಆಮೇಲೆ ಹೋಗಿ ಅಣ್ಣನ ಮಂಡಿ ಹಿಡಿದುಕೊಂಡು ಕೂತು, ಈ ಸಾರಿ ಸದ್ದಿಲ್ಲದೆ ಅತ್ತರು. ನನಗೆ ನಿಜವಾಗಿ ನಾಚಿಕೆಯಾದದ್ದು ಆಗಲೇ. ಮಾವನವರಿಗೆ ಮಾತ್ರ ಖುಷಿಯೋ ಖುಷಿ. ಬದುಕಿದ್ದವರು ಸತ್ತರೆಂದು ಸುದ್ದಿಯಾದರೆ ಆಯಸ್ಸು ಹೆಚ್ಚುತ್ತದಂತೆ. ಯಾರು ಯಾರು ಬಂದರು, ಯಾರು ಜೋರಾಗಿ ಅತ್ತರು, ಯಾರು ಬರೀ ಸೆರಗು ಮುಖಕ್ಕೆ ಹಿಡಿದಿದ್ದರು ಎಂದು ಇಡೀ ದಿನ ವಿಚಾರಿಸಿದರು. ಬಂದವರಿಗೆಲ್ಲ ಜಯ ಉಪ್ಪಿಟ್ಟು ಮಾಡಬೇಕಾಯಿತು. ರವೆ ಹುರಿಯುವಾಗಲೆಲ್ಲ ನನ್ನ ಕಡೆ ಒಂದು ನೋಟ ಬರುತ್ತಿತ್ತು.

ಸಂಜೆ, ಏನಾದರಾಗಲಿ ಎಂದು ಓಟದ ದಾಖಲೆಯನ್ನು ಕಿರಣನಿಗೆ ಕಳಿಸಿದೆ. ಈ ಗಲಾಟೆಯಲ್ಲಿ ಅದನ್ನು ನಿಲ್ಲಿಸುವುದು ಮರೆತೇಹೋಗಿತ್ತು. ಅವನು ತಕ್ಷಣ ಫೋನು ಮಾಡಿದ. ಹೋಗುವಾಗ ಎತ್ತಿನಗಾಡಿಯ ವೇಗ, ಬರುವಾಗ ಕೊನೆಗೆ ಇದ್ದಕ್ಕಿದ್ದಂತೆ ಬಸ್ಸಿನ ವೇಗ, ಆಮೇಲೆ ಸಂಜೆಯವರೆಗೆ ಜಗಲಿಯ ಮೇಲೆ.

"ಸಾರ್, ಯಾವ ಗಾಡಿ ಅದು?"

ಜಾಗ ಮಂಜುನಾಥನಿಗೆ ಹೋಯಿತು. ನನಗೆ ಬಹಳ ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅವರು ಕಡಲ ದಡದಿಂದ ಕಳಿಸಿದ ಫೋಟೋಗಳನ್ನು ನಾನು ತೆರೆಯಲೇ ಇಲ್ಲ. ಕಾಲು ಮಾತ್ರ ಇನ್ನೂ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು.

ಇದನ್ನೆಲ್ಲ ಜಯ ಹೋಗಿ ಅಪ್ಪನಿಗೆ ಹೇಳಿರಬೇಕು. ಬೇಸಿಗೆ ಕಳೆಯುವುದರೊಳಗೆ ಮಾವನವರಿಂದ ಅಪ್ಪಣೆ ಬಂತು. ತಮ್ಮನ್ನು ಸಾಯಿಸಿದ ಆ ಸಮುದ್ರ ಹೇಗಿದೆ ಎಂದು ಅವರೂ ನೋಡಬೇಕಂತೆ. ಗೌರತ್ತೆಯೂ ಹೊರಟರು. ಹೀಗೆ ಓಟಗಾರರ ತಂಡದ ಬದಲು ಚಕ್ಕುಲಿ ಡಬ್ಬ, ಮಾತ್ರೆ ಪೊಟ್ಟಣ, ಊರುಗೋಲು ಸಮೇತ ನಮ್ಮ ನಾಲ್ವರ ತಂಡ ರೈಲು ಹತ್ತಿತು.

ಉದ್ಯಾನದ ದಾರಿ ಫೋಟೋದಲ್ಲಿದ್ದ ಹಾಗೆಯೇ ಇತ್ತು. ಮರಗಳ ಸಂದಿಯಲ್ಲಿ ಮೊದಲ ಸಲ ಸಮುದ್ರ ಕಂಡಿತು. ಷೂ ಲೇಸು ಬಿಗಿದು, ಹೆಂಡತಿ, ಮಾವ, ಗೌರತ್ತೆ ಮೂವರೂ ನೋಡುತ್ತಿರುವಾಗ ಓಡತೊಡಗಿದೆ. ಮಣ್ಣಿನ ದಾರಿ ದಡಕ್ಕಿಳಿದ ಕಡೆ ಮರಳು ಕಾಲನ್ನು ನುಂಗುತ್ತಿತ್ತು. ಪಕ್ಕದ ಮನೆಯ ಎಂ-ಸ್ಯಾಂಡ್ ಹೀಗೆ ಮಾಡಿರಲಿಲ್ಲ. ಮೊದಲನೇ ತಿರುವಿನವರೆಗೆ ಓಡಿದೆ. ಎರಡನೇ ತಿರುವಿಗೆ ಹೋಗುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಕಣ್ಣು ಕತ್ತಲೆ ಬಂತು. ಒಂದು ಬಂಡೆಯ ಮೇಲೆ ಕುಸಿದು ಕೂತೆ.

ಸ್ವಲ್ಪ ಹೊತ್ತಿಗೆ ಊರುಗೋಲಿನ ಸದ್ದು ಕೇಳಿಸಿತು. ಮಾವನವರು ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಹೊಲದ ಬದುವಿನ ಮೇಲೆ ನಡೆಯುವವರ ಹಾಗೆ ಆರಾಮವಾಗಿ ಬಂದರು. ನನ್ನ ಮುಂದೆ ನಿಂತು, ನನ್ನ ಮುಖದ ಬಣ್ಣವನ್ನು ಕಾಳಜಿಯಿಂದ ಪರೀಕ್ಷಿಸಿದರು.

"ಅಳಿಯಂದ್ರೇ, ಊರಿಗೆ ಯಾರ ಕೈಲಾದ್ರೂ ಹೇಳಿ ಕಳಿಸ್ಲಾ?"

ಬೇಡವೆಂದು ತಲೆಯಾಡಿಸಿದೆ. ಅವರು ಸರಿ ಎಂದು, ಸಮುದ್ರ ನೋಡುತ್ತಾ ಮೂರನೇ ತಿರುವಿನ ಕಡೆ ಹೊರಟುಹೋದರು.