ಎಡಗೆನ್ನೆ ಸಿಂದಗಿ, ಬಲಗೆನ್ನೆ ಬಾಗೇವಾಡಿ

ನಮ್ಮ ಕಾಕಾನ ಕೆನ್ನೆಯನ್ನು ಮುಟ್ಟಿ ನೋಡದ ಮನುಷ್ಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳಲ್ಲಿ ಒಬ್ಬನೂ ಇಲ್ಲ ಎಂದರೆ ಅದು ಉತ್ಪ್ರೇಕ್ಷೆಯಾದೀತು. ಗೊಳಸಂಗಿಯಲ್ಲಿ ಒಬ್ಬಿಬ್ಬರು ತಪ್ಪಿಸಿಕೊಂಡಿದ್ದಾರೆ ಎಂದು ಕೇಳಿದ್ದೇನೆ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರನಾಗಿ ಈ ನಾಲ್ಕು ಊರುಗಳನ್ನೇ ಸುತ್ತಿ ಸುತ್ತಿ ನಿವೃತ್ತನಾಗಿ, ಈಗ ಇಂಡಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ಜಗತ್ತೆಲ್ಲ ಬ್ಲೇಡಿಗೋ ಬ್ಯಾಟರಿಗೋ ಗಡ್ಡ ಒಪ್ಪಿಸಿ ಕೂತಿರುವಾಗ ಈತ ಮಾತ್ರ ಇಂದಿಗೂ ಮಡಚುವ ಕತ್ತಿಯಿಂದಲೇ ಕ್ಷೌರ ಮಾಡಿಕೊಳ್ಳುವವನು. ಮಾಡಿಕೊಳ್ಳಲಿ, ಗಡ್ಡ ಅವನದು, ನಮಗೇನು? ಆದರೆ ತೊಂದರೆ ಇರುವುದು ಕತ್ತಿಯಿಂದಲ್ಲ, ಪಟ್ಟಾದಿಂದ. ಕ್ಷೌರಕ್ಕೆ ಮೊದಲು ಕತ್ತಿಯ ಬಾಯಿಯನ್ನು ನಯ ಮಾಡಲು ಅತ್ತಿಂದಿತ್ತ ಎಳೆಯುತ್ತಾರಲ್ಲ, ಉದ್ದನೆಯ ತೊಗಲಿನ ಪಟ್ಟಿ, ಅದು. ಹಿಂದೆ ಕ್ಷೌರದಂಗಡಿಗಳಲ್ಲಿ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದಿರುತ್ತಿತ್ತು. ಕಾಕಾನ ಬಳಿ ಅಂಥವು ನಾಲ್ಕಿವೆ. ವರ್ಗವಾಗಿ ಹೋದಲ್ಲೆಲ್ಲ, ಊಟಕ್ಕೆ ಖಾನಾವಳಿ ಹುಡುಕುವ ಮೊದಲು ತೊಗಲಿನ ಕೆಲಸದವರನ್ನು ಹುಡುಕಿ, ಎದುರಿಗೆ ಕೂತು ಕೈಯಿಂದಲೇ ಮಾಡಿಸಿಕೊಂಡು ಬಂದವು.

ಬಾಗೇವಾಡಿಯಲ್ಲಿ ಮಾಡಿಕೊಟ್ಟವನಿಗಂತೂ ಇದು ಏನೆಂದು ಕೊನೆಯವರೆಗೂ ತಿಳಿದಿರಲಿಲ್ಲವಂತೆ. ಪಟ್ಟಾ ಕೈಗಿಡುವಾಗ ಅನುಮಾನದಿಂದ ಕೇಳಿದನಂತೆ:

"ಸಾಹೇಬ್ರ, ಬಕಲ್ ಬ್ಯಾಡ ಅಂತೀರಿ, ತೂತು ಬ್ಯಾಡ ಅಂತೀರಿ. ಪ್ಯಾಂಟ್ ನಿಲ್ಲೂದು ಹ್ಯಾಂಗ್ರೀ?"

ಈ ನಾಲ್ಕೂ ಪಟ್ಟಾಗಳು ಪಡಸಾಲೆಯ ಕಿಟಕಿಯ ಸರಳುಗಳಿಗೆ ಸಾಲಾಗಿ ಜೋತಾಡುತ್ತವೆ. ಎದುರಿಗೇ ದೇವರ ಜಗಲಿ. ಕಾಕಿ ಸುಮ್ಮನಿದ್ದಾಳೆಯೇ?

"ದೇವರ ಕಣ್ಣ ಮುಂದ ತೊಗಲು ಜೋತುಬಿಟ್ಟೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?"

"ಭಜನಿಗೆ ತಬಲಾ ಬಾರಸ್ತೀರಲ್ಲ, ಅದಕ್ಕೇನ್ ಬಾಳಿ ಎಲಿ ಹಚ್ಚಿರ್ತಾರೇನ?"

ಕಾಕಿ ಅಂದಿನಿಂದ ದೇವರಿಗೇ ಪರದೆ ಹಾಕಿಬಿಟ್ಟಳು!

ಪಟ್ಟಾಗಳಿಗೆ ಆಯಾ ಊರಿನ ಹೆಸರೇ. "ಇಂಡಿ ಭಾಳ ಸಿಟ್ಟಿಂದು, ಕತ್ತಿಗೆ ಹಲ್ಲ ಬರಸ್ತೈತಿ. ಸಿಂದಗಿ ಬೆಣ್ಣಿ ಇದ್ದಂಗ, ಆದ್ರ ಲಗೂನ ಎಣ್ಣಿ ಕುಡೀತೈತಿ. ಮುದ್ದೇಬಿಹಾಳ ಮಳಿಗಾಲ ಬಂತಂದ್ರ ಹಪ್ಪಳದಂಗ ಸೆಟಗೊಂಡು ಕೂಡ್ತೈತಿ. ಬಾಗೇವಾಡಿ ಸಾವಕಾಶ, ಹೊತ್ತು ಹಿಡೀತೈತಿ, ಆದ್ರ ಮೋಸ ಇಲ್ಲ." ಹೀಗೆ ಹೇಳುವಾಗ ಅವನ ಮುಖ ನೋಡಬೇಕು, ಮದುವೆಗೆ ಬಂದ ನಾಲ್ಕು ಹೆಣ್ಣುಮಕ್ಕಳ ಸ್ವಭಾವ ವಿವರಿಸುವ ತಂದೆಯ ಹಾಗೆ ಇರುತ್ತದೆ. ಮನೆಯವರಿಗೂ ಇದೇ ಭಾಷೆ ರೂಢಿಯಾಗಿಬಿಟ್ಟಿದೆ. ಒಮ್ಮೆ ಎಮ್ಮೆಯ ವಿಷಯ ಕೇಳಲೆಂದು ಒಬ್ಬ ರೈತ ದೂರದಿಂದ ಬಂದ. "ಸಾಹೇಬ್ರು ಅದಾರೇನ್ರಿ?" ಎಂದ. ರೊಟ್ಟಿ ಬಡಿಯುತ್ತಿದ್ದ ಕಾಕಿ ಒಳಗಿನಿಂದಲೇ, "ಈಗ ಮುದ್ದೇಬಿಹಾಳಕ್ಕ ಹತ್ಯಾರ, ಅದು ಮುಗಿಸಿ ಸಿಂದಗಿಗೆ ಬರ್ತಾರ, ಹೊತ್ತಾಕ್ಕೈತಿ," ಎಂದಳು. ಪಾಪದ ಮನುಷ್ಯ ಸಾಹೇಬರನ್ನು ದಾರಿಯಲ್ಲೇ ಹಿಡಿಯೋಣವೆಂದು ಸಿಂದಗಿಯ ಬಸ್ಸು ಹತ್ತಿಬಿಟ್ಟ! ಕಾಕಾ ಮಾತ್ರ ಹಿತ್ತಲಲ್ಲಿ ಕನ್ನಡಿಯ ಮುಂದೆ ನೊರೆ ಹಚ್ಚಿಕೊಂಡು ನಿಂತಿದ್ದ.

ಕತ್ತಿ ಹರಿತವಾಗಿದೆಯೋ ಇಲ್ಲವೋ ಎಂದು ನೋಡಲು ಮುಂಗೈ ಕೂದಲಿನ ಮೇಲೆ ಆಡಿಸುವುದು ಕಾಕಾನ ಪದ್ಧತಿ. ನಾಲ್ಕು ಪಟ್ಟಾಗಳಿಗೆ ನಾಲ್ಕು ಪರೀಕ್ಷೆ ಎಂದರೆ ಒಬ್ಬ ಮನುಷ್ಯನ ಮುಂಗೈ ಎಷ್ಟೆಂದು ತಾಳೀತು? ತನ್ನವೆರಡೂ ಬೋಳಾದ ಮೇಲೆ ಅವನ ಕಣ್ಣು ನಮ್ಮ ಮೇಲೆ ಬಿತ್ತು. "ತಮ್ಮಾ, ಸ್ವಲ್ಪ ಕೈ ಕೊಡಿಲ್ಲೆ," ಎಂದರೆ ಆಶೀರ್ವಾದ ಮಾಡುತ್ತಾನೆಂದು ತಿಳಿದು ಕೊಟ್ಟವರೇ ಎಲ್ಲ! ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ, ಹಲ್ಲಿ ಕೂಡ ನೆರಳು ಹುಡುಕುತ್ತದೆ. ಅಂಥ ಬಿಸಿಲಲ್ಲೂ ಕಾಕಾನ ಮನೆಗೆ ಹೋಗುವಾಗ ನಾವು ತುಂಬುತೋಳಿನ ಅಂಗಿಯನ್ನೇ ಹಾಕಿ, ಗುಂಡಿಯನ್ನೂ ಹಚ್ಚಿಕೊಂಡು ಹೋಗುತ್ತೇವೆ.

ಇನ್ನು ಎರಡು ಪಟ್ಟಾಗಳ ಹೋಲಿಕೆ. ಎಡಗೆನ್ನೆಗೆ ಸಿಂದಗಿ, ಬಲಗೆನ್ನೆಗೆ ಬಾಗೇವಾಡಿ. ಆಮೇಲೆ ಕಂಡಕಂಡವರ ಮುಂದೆ ಮುಖ ಒಡ್ಡುವುದು: "ಮುಟ್ಟಿ ನೋಡ್ರಿ. ಯಾವುದು ನುಣ್ಣಗೈತಿ, ಖರೇ ಹೇಳ್ರಿ." ಒಮ್ಮೆ ಬಸ್ಸು ಝಳಕಿಯಲ್ಲಿ ನಿಂತಾಗ ಪಕ್ಕದಲ್ಲಿ ಬಂದು ಕೂತ ಅಪರಿಚಿತನೊಬ್ಬನಿಗೂ ಹೀಗೇ ಕೇಳಿದ. ಆತ ಸೌಮ್ಯ ಮನುಷ್ಯ. ಎರಡೂ ಕೆನ್ನೆ ಸವರಿ, ಬಹಳ ಹೊತ್ತು ಯೋಚಿಸಿ, "ಎರಡೂ ನಿಮ್ಮವ ಅದಾವಲ್ರಿ, ಯಾವುದರೆ ಇಟ್ಕೊಳ್ರಿ," ಎಂದು ಎದ್ದು ಹಿಂದಿನ ಸೀಟಿಗೆ ಹೋದನಂತೆ.

ಈ ಹುಚ್ಚು ಬಿಡಿಸೋಣವೆಂದು ನಾನೇ ಒಂದು ಬ್ಯಾಟರಿ ಶೇವರ್ ತಂದುಕೊಟ್ಟೆ. ಕಾಕಾ ಅದನ್ನು ಚಾಲೂ ಮಾಡಿ ಕಿವಿಗೆ ಹಿಡಿದು, "ಒಳಗ ದುಂಬಿ ಹಾಕ್ಯಾರೇನ?" ಎಂದ. ವ್ಯರ್ಥವೇನೂ ಆಗಲಿಲ್ಲ ಬಿಡಿ. ಈಗ ಕಾಕಿ ಅದರಿಂದ ಸ್ವೆಟರಿನ ಮೇಲೆದ್ದ ಉಣ್ಣೆಯ ಜುಂಜು ತೆಗೆಯುತ್ತಾಳೆ.

ಇಂಥ ಕಾಕಾನನ್ನು ಈಚೆಗೆ ನಾನಾಗಿಯೇ ಫೋನ್ ಮಾಡಿ ಕರೆಯಬೇಕಾಗಿ ಬಂತು.

ಅಪ್ಪ ಸಿಂದಗಿಯಲ್ಲಿ ನನ್ನ ಜೊತೆಗೇ ಇರುತ್ತಾರೆ. ಅವರ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ವಿಜಯಪುರದಲ್ಲಿ ಆಪರೇಷನ್ ಆಯಿತು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದೇವೆ, ಅದು ಎಂಥದ್ದೆಂದು ಆಮೇಲೆ ಹೇಳುತ್ತೇವೆ ಎಂದರು ಡಾಕ್ಟರು. ಆ 'ಆಮೇಲೆ' ಎನ್ನುವುದಿದೆಯಲ್ಲ, ಅದು ಮನೆಯಲ್ಲಿ ಊಟಕ್ಕೂ ನಮ್ಮ ಜೊತೆಗೇ ಕೂರುತ್ತಿತ್ತು. ದಿನ ತಪ್ಪದೆ ಗಡ್ಡ ಮಾಡಿಕೊಳ್ಳುವ ಅಪ್ಪನ ಮುಖದ ತುಂಬ ಬಿಳಿಗಡ್ಡ ಬೆಳೆಯಿತು. ಹೊಲಿಗೆ ಬಿಚ್ಚಿ ಗಾಯ ಮಾದ ಮೇಲೆ ಡಾಕ್ಟರು, "ಗಡ್ಡ ತೆಗೆಸ್ರಿ, ಅಡ್ಡಿ ಇಲ್ಲ," ಎಂದರೂ ನಮ್ಮ ಕ್ಷೌರಿಕ ಗಂಟಲ ಮೇಲಿನ ಆಪರೇಷನ್ನಿನ ಕೆಂಪು ಗೆರೆ ನೋಡಿದವನೇ ಕೈ ಹಿಂದೆ ತೆಗೆದುಕೊಂಡ. "ನನ್ನ ಕಡಿಂದ ಆಗಂಗಿಲ್ರಿ, ನನಗ ಅಂಜಿಕಿ ಬರ್ತೈತಿ." ಅಪ್ಪ ಅಂದಿನಿಂದ ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟರು.

ನಾನು ಫೋನ್ ಮಾಡಿದ ಮರುದಿನ ಬೆಳಿಗ್ಗೆ ಕಾಕಾ ಮೊದಲ ಬಸ್ಸಿಗೇ ಬಂದಿಳಿದ. ಚೀಲದಲ್ಲಿ ಕತ್ತಿ, ಸಾಬೂನು, ನಾಲ್ಕೂ ಪಟ್ಟಾ. ಅವನ ಕುತ್ತಿಗೆ ನೋಡಿ ನನಗೆ ಗಾಬರಿಯಾಯಿತು. ಗಲ್ಲದ ಕೆಳಗೆ ಅಲ್ಲಲ್ಲಿ ಕೆಂಪಗಾಗಿತ್ತು.

"ಏನ್ ಕಾಕಾ ಇದು?"

"ನಾಲ್ಕೂ ಹಾಕಿ ನನ್ನ ಗಂಟಲ ಮ್ಯಾಲ ನೋಡ್ಕೊಂಡ ಬಂದೇನಿ. ಇವತ್ತ ಚುರುಕು ಬ್ಯಾಡ. ಬಾಗೇವಾಡಿ ಸಾಕು."

ಆ ದಿನ ಅವನು ಯಾರಿಗೂ ಕೆನ್ನೆ ತೋರಿಸಲಿಲ್ಲ. ಅಪ್ಪನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬಾಗೇವಾಡಿಯ ಪಟ್ಟಾವನ್ನು ಸರಳಿಗೆ ಕಟ್ಟಿ, ಕತ್ತಿಯನ್ನು ಬಹಳ ಹೊತ್ತು ಎಳೆದ. ಬಿಸಿನೀರಿನ ಅರಿವೆ ಇಟ್ಟು ಗಡ್ಡ ನೆನೆಸಿದ.

"ಕಷ್ಟದ್ದ ಮೊದಲ ಮುಗಿಸೂಣ ಅಣ್ಣಾ. ನುಂಗಬ್ಯಾಡ, ಮಾತಾಡಬ್ಯಾಡ."

ಅಪ್ಪ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದರು. ನಾನು ಗೋಡೆ ಹಿಡಿದು ನಿಂತೆ. ಕತ್ತಿ ಆ ಕೆಂಪು ಗೆರೆಯ ಮೇಲಂಚಿಗೆ ಬಂದು, ನಿಂತು, ಪಕ್ಕಕ್ಕೆ ಸರಿದು ಹೋಯಿತು. ಒಂದು ಹನಿ ರಕ್ತವಿಲ್ಲ! ಕಾಕಾನ ಕೈ ಗೋಡೆಗೆ ಹೊಡೆದ ಮೊಳೆಯಷ್ಟು ಗಟ್ಟಿ. ಕುತ್ತಿಗೆ ಮುಗಿಯಿತು, ಬಲಗೆನ್ನೆಯೂ ಮುಗಿಯಿತು. ಎಡಗೆನ್ನೆಗೆ ನೊರೆ ಹಚ್ಚುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ವಿಜಯಪುರಕ್ಕೆ ರಿಪೋರ್ಟು ಕೇಳಲು ಹೋಗಿದ್ದ ತಂಗಿ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಏನೂ ಇಲ್ಲಂತ! ಸಾದಾ ಗಂಟಂತ! ಅಪ್ಪಗ ಹೇಳು, ಏನೂ ಇಲ್ಲಂತ!"

ಅವಳ ದನಿ ಎಷ್ಟು ದೊಡ್ಡದಿತ್ತೆಂದರೆ ನಾನು ಹೇಳಬೇಕಾಗಿಯೇ ಬರಲಿಲ್ಲ. ನನ್ನ ಎದೆಯ ಮೇಲೆ ಯಾರೋ ಇಟ್ಟು ಮರೆತಿದ್ದ ಜೋಳದ ಚೀಲವನ್ನು ಎತ್ತಿಕೊಂಡು ಹೋದಂತಾಗಿತ್ತು. ಅಪ್ಪ ಕಣ್ಣು ತೆರೆದು ಕಿಟಕಿಯಾಚೆ ನೋಡುತ್ತಿದ್ದರು.

ಕಾಕಾ ಕತ್ತಿ ಒರೆಸಿಕೊಂಡು ಎಡಗೆನ್ನೆಯ ಹತ್ತಿರ ತಂದ. ಕೈ ನಡುಗಿತು. ಹಿಂದೆ ತೆಗೆದು, ಉಸಿರೆಳೆದುಕೊಂಡು ಮತ್ತೆ ತಂದ. ಕೊನೆಗೆ ಕತ್ತಿಯನ್ನು ಮಡಚಿ ಕಿಟಕಿಯಲ್ಲಿಟ್ಟು, ನಮಗೆ ಬೆನ್ನು ಮಾಡಿ ನಿಂತ.

"ಅಣ್ಣಾ, ಉಳಿದಿದ್ದು ನಾಳಿ ಮಾಡ್ತೇನಿ. ಇವತ್ತ ಕೈ ಮಾತು ಕೇಳವಲ್ದು."

ಅಪ್ಪ ಅರ್ಧ ಮುಖದ ನೊರೆಯನ್ನು ತಾವೇ ಟವೆಲಿನಿಂದ ಒರೆಸಿಕೊಂಡರು. ಆಮೇಲೆ ತಮ್ಮನ ತೋಳು ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು.

"ಆತು ಬಿಡೋ. ನಾಳಿ ನಾ ಇಲ್ಲೇ ಇರ್ತೇನಿ."